ಗುಟ್ಟಿನ ಪದ ಕಲಿಸಿದ ಮಿಸ್

ಮೊದಲೇ ಹೇಳಿಬಿಡ್ತೀನಿ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ಶಾಲೆಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೀನಿ. ದಾಖಲಾತಿ, ಹಾಜರಿ, ಸರ್ಟಿಫಿಕೇಟು, ಎಲ್ಲಕ್ಕೂ ಸೀಲು ಹೊಡೆಯುವವಳು ನಾನೇ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಸೀಲ್ ಆಂಟಿ ಅಂತಾರೆ. ಅನ್ನಲಿ ಬಿಡಿ, ನನಗೇನು ಕೇಳಿಸಲ್ವಾ? ಆದರೆ ಈಗ ಹೇಳಹೊರಟಿರೋದು ನಮ್ಮ ಕಂಪ್ಯೂಟರ್ ಮಿಸ್ಸಿನ ಕಥೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಹೇಳಿದರೆ ರಾತ್ರಿ ನನಗೇ ನಿದ್ದೆ ಹತ್ತಲ್ಲ.

ಮಿಸ್ಸಿಗೆ ಮೂವತ್ತೈದೋ ಮೂವತ್ತಾರೋ. ಕಡ್ಡಿ ಹಾಗಿದ್ದಾಳೆ, ನಡೆದರೆ ಮಾತ್ರ ಗಾಳಿ ಬೀಸಿದ ಹಾಗೆ. ನಮ್ಮ ಶಾಲೆಗೆ ಬರೋ ಮುಂಚೆ ಒಂಬತ್ತು ವರ್ಷ ಒಂದು ಫೋನ್ ಕಂಪನಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದವಳು. ಕರೆ ಮಾಡಿದವರನ್ನೆಲ್ಲ ಅದೇ ಪ್ರಶ್ನೆ ಕೇಳೋದು: ಹುಟ್ಟಿದ ದಿನ ಹೇಳಿ, ತಾಯಿ ಹೆಸರು ಹೇಳಿ, ಮನೆ ವಿಳಾಸ ಹೇಳಿ. ದಿನಕ್ಕೆ ನೂರಿಪ್ಪತ್ತು ಜನ. "ಅಕ್ಕಾ, ದನಿ ಮೆತ್ತಗಿದ್ರೆ ಸಾಕು, ಜನ ಎಲ್ಲಾ ಹೇಳ್ಬಿಡ್ತಾರೆ" ಅಂದಿದ್ದಳು ಒಂದು ಸಲ. "ಒಂಬತ್ತು ವರ್ಷದಲ್ಲಿ ನೀನ್ಯಾರಮ್ಮಾ ಅಂತ ತಿರುಗಿ ಕೇಳ್ದೋರು ಆರೇ ಜನ. ನಾನು ಎಣಿಸಿಟ್ಕೊಂಡಿದ್ದೆ."

ಮನೆಯಲ್ಲಿ ಅವಳ ಅತ್ತೆ ಇನ್ನೊಂದು ಅವತಾರ. ರಾಂಗ್ ನಂಬರ್ ಬಂದರೂ ಕಾಲು ಗಂಟೆ ಮಾತಾಡೋ ಜೀವ. ಒಂದು ದಿನ ಯಾರೋ ಅಪರಿಚಿತನಿಗೆ, "ಸೊಸೆ ಆರು ಗಂಟೆಗೆ ಬರ್ತಾಳಪ್ಪ, ಅಲ್ಲಿವರೆಗೂ ನಾನೊಬ್ಬಳೇ, ಬಾಗಿಲ ಬೋಲ್ಟು ಬೇರೆ ಕೆಟ್ಟಿದೆ" ಅಂತ ಹೇಳಿದ್ದರಂತೆ. ಮಿಸ್ ಅವತ್ತೇ ಬೋಲ್ಟು ಬದಲಾಯಿಸಿದಳು. ಅತ್ತೆಯನ್ನು ಬದಲಾಯಿಸೋಕೆ ಆಗಲಿಲ್ಲ ಅಂತ ನಗುತ್ತಾಳೆ.

ಅವಳು ಪಾಠ ಮಾಡೋ ರೀತಿಯೇ ಬೇರೆ. ಮೊದಲ ದಿನ ಏಳನೇ ಕ್ಲಾಸಿಗೆ ಹೋಗಿ ಏನೂ ಹೇಳದೆ ಒಂದೊಂದು ಫಾರಂ ಹಂಚಿದಳು. ಮೇಲೆ ದಪ್ಪಕ್ಷರದಲ್ಲಿ, ಹೊಸ ಗೇಮ್ ಉಚಿತ. ಕೆಳಗೆ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಅಪ್ಪ ಅಮ್ಮ ಮನೆಯಲ್ಲಿ ಇಲ್ಲದ ಸಮಯ. ನಾಲ್ಕೇ ನಿಮಿಷದಲ್ಲಿ ಮೂವತ್ತು ಮಕ್ಕಳೂ ತುಂಬಿ ಕೊಟ್ಟವು. ಒಬ್ಬ ಅಂತೂ ಬೀಗದ ಕೈ ಯಾವ ಕುಂಡದ ಕೆಳಗಿದೆ ಅಂತಲೂ ಬರೆದಿದ್ದ, ಮಹಾನುಭಾವ! ಎಲ್ಲವನ್ನೂ ಅವರ ಕಣ್ಣೆದುರೇ ಹರಿದು ಚೂರು ಮಾಡಿ, "ನಾನು ಯಾರು, ಯಾಕೆ ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ?" ಅಂದಳು.

ಚಿಕ್ಕ ಮಕ್ಕಳಿಗೆ ಅವಳು ಕಲಿಸಿದ್ದು ಗುಟ್ಟಿನ ಪದ. ಇಂಟರ್ನೆಟ್ಟಿನಲ್ಲಿ ನಿಮ್ಮ ಹೆಸರು, ಶಾಲೆ, ಬಸ್ಸು ಎಲ್ಲಾ ಯಾರಿಗೋ ಗೊತ್ತಾಗಿರಬಹುದು, ಅಷ್ಟು ಗೊತ್ತಿದ್ದ ಮಾತ್ರಕ್ಕೆ ಅವರು ನಿಮ್ಮವರಲ್ಲ. ಮನೆಯಲ್ಲಿ ಕೂತು ಒಂದು ಪದ ಇಟ್ಕೊಳ್ಳಿ. ಅಮ್ಮ ಕಳಿಸಿದ್ದಾರೆ ಅಂತ ಯಾರೇ ಬಂದರೂ ಆ ಪದ ಕೇಳಿ. ಹೇಳದಿದ್ದರೆ ಹೋಗಬೇಡಿ. ಎಷ್ಟು ಚೆನ್ನಾಗಿದೆ ನೋಡಿ. ನಾನಂತೂ ಮನೆಗೆ ಹೋಗಿ ನಮ್ಮ ಯಜಮಾನರ ಜೊತೆ ಒಂದು ಪದ ಇಟ್ಟುಕೊಂಡೆ. ಅವರು ಮಾರನೇ ದಿನವೇ ಮರೆತರು.

ಇಲ್ಲಿಂದ ನಮ್ಮ ಬುದ್ಧಿವಂತಿಕೆ ಶುರು. ಮನೆಗೆಲಸ ಕೊಟ್ಟ ಮೇಲೆ ಅದನ್ನು ತಿದ್ದದೆ ಬಿಟ್ಟರೆ ಟೀಚರಿಗೆ ಊಟ ಸೇರುತ್ತಾ? "ಗುಟ್ಟಿನ ಪದ ಬರೆದು, ಮನೆಯವರ ಸಹಿ ಹಾಕಿಸಿಕೊಂಡು ಬನ್ನಿ" ಅಂದಳು ಮಿಸ್. ಬರೆದುಕೊಂಡು ಬಂದವು ಮಕ್ಕಳು. ಒಂದೊಂದಕ್ಕೂ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ, ತುಂಬಾ ಚೆನ್ನಾಗಿದೆ ಅಂತ ಬರೆದಳು. ಹೆಡ್‌ಮೇಡಮ್ಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಗೇಟಲ್ಲೂ ಒಂದು ಪಟ್ಟಿ ಇರಲಿ" ಅಂದರು. ನೂರಾ ಎಂಬತ್ತು ಗುಟ್ಟುಗಳನ್ನು ಕೂತು ಟೈಪ್ ಮಾಡಿ, ಸೀಲು ಹೊಡೆದು, ಕಾವಲಿನ ಗೇಟಣ್ಣನ ಕೈಗೆ ಕೊಟ್ಟವಳು ನಾನು. ಯಾರಿಗೂ ಹೇಳಬಾರದ ಪದವನ್ನು ಇಡೀ ಶಾಲೆಯೇ ಬರೆಸಿ, ತಿದ್ದಿ, ಪಟ್ಟಿ ಮಾಡಿ ಇಟ್ಟಿತ್ತು. ನಮಗೆ ಯಾರಿಗೂ ಅದು ಹೊಳೆಯಲೇ ಇಲ್ಲ!

ನಾಲ್ಕನೇ ಕ್ಲಾಸಿನಲ್ಲಿ ಒಂದು ಹುಡುಗಿ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಅದಕ್ಕೇ ಎಲ್ಲರೂ ಅವಳನ್ನು ಮುತ್ತು ಅಂತಲೇ ಕರೆಯೋದು. ಮಾತು ಕಮ್ಮಿ, ನೋಟ ಜಾಸ್ತಿ. ತಾಯಿ ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದ ಹಿಂದೆ ಸೇರಿಸೋಕೆ ಬಂದಾಗ ಕೋರ್ಟಿನ ಕಾಗದ ತೋರಿಸಿದ್ದಳು. ಗಂಡ ಹೊಡೆದು ಬಡಿದು ಮಾಡಿದ್ದಕ್ಕೆ ಇವಳು ಮಗುವನ್ನು ಎತ್ತಿಕೊಂಡು ಊರು ಬಿಟ್ಟು ಬಂದವಳು. ಮಗು ತಾಯಿಯ ಬಳಿಯೇ ಇರಬೇಕು ಅಂತ ಕೋರ್ಟು ಹೇಳಿದ್ದರೂ, ಕಿತ್ತುಕೊಂಡು ಹೋಗ್ತೀನಿ ಅಂತ ಆ ಮನುಷ್ಯ ಹುಡುಕುತ್ತಲೇ ಇದ್ದ. "ಮೇಡಮ್, ಇವಳ ಫೋಟೋ ಮಾತ್ರ ಎಲ್ಲೂ ಹಾಕ್ಬೇಡಿ, ಕೈ ಮುಗೀತೀನಿ" ಅಂದಳು. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆ. ಆಣೆಗೂ, ಎರಡು ವರ್ಷದಲ್ಲಿ ಆ ಮಗುವಿನ ಮುಖ ಇಂಟರ್ನೆಟ್ಟಿನ ನಮ್ಮ ಶಾಲೆಯ ಪೇಜಿನಲ್ಲಿ ಒಂದು ಸಲವೂ ಬಂದಿಲ್ಲ. ಆಟೋಟದ ಗುಂಪು ಫೋಟೋದಲ್ಲೂ ಅವಳನ್ನು ಕತ್ತರಿಸಿ ಹಾಕಿದವಳು ನಾನು.

ಆದರೆ ನೋಟ್‌ಬುಕ್ಕಿಗೆ ಮುಖ ಇರಲ್ವಲ್ಲ! ಆ ತಿಂಗಳು ಅತಿ ಅಂದದ ನೋಟ್‌ಬುಕ್ ಅಂತ ಮುತ್ತುವಿಗೆ ಬಹುಮಾನ ಬಂತು. ಅಕ್ಷರ ಚೆನ್ನಾಗಿ ಕಾಣೋ ಪುಟ ಹುಡುಕಿ ಫೋಟೋ ತೆಗೆದೆ. ಮೇಲೆ ಹೆಸರು, ಕ್ಲಾಸು, ಸೆಕ್ಷನ್ನು, ಅಭಿನಂದನೆಗಳು ಅಂತ ಬರೆದು ಪೇಜಿಗೆ ಹಾಕಿದೆ. ನೂರಾರು ಜನ ಮೆಚ್ಚಿದರು. ನಾನು ಬೀಗಿದ್ದೇ ಬೀಗಿದ್ದು.

ಹನ್ನೊಂದು ದಿನ ಕಳೆಯಿತು. ಅವತ್ತು ಶುಕ್ರವಾರ. ಚಿಕ್ಕ ಕ್ಲಾಸುಗಳು ಮೂರಕ್ಕೆ ಬಿಡುತ್ತವೆ, ದೊಡ್ಡವು ನಾಲ್ಕಕ್ಕೆ. ಕಂಪ್ಯೂಟರ್ ರೂಮಿನಲ್ಲಿ ಏಳನೇ ಕ್ಲಾಸಿಗೆ ಮಿಸ್ಸಿನ ಪತ್ತೇದಾರಿ ಪಾಠ ನಡೆದಿತ್ತು. ಹತ್ತು ನಿಮಿಷ ಟೈಮು, ಯಾರು ಬೇಕಾದರೂ ನೋಡಬಹುದಾದ ಕಡೆಯಿಂದ ನಮ್ಮ ಶಾಲೆಯ ಮಕ್ಕಳ ಬಗ್ಗೆ ಎಷ್ಟು ಗೊತ್ತಾಗುತ್ತೆ, ಹುಡುಕಿ. ಮಕ್ಕಳಿಗೆ ಹಬ್ಬವೋ ಹಬ್ಬ. ಒಬ್ಬಳು ಹುಟ್ಟುಹಬ್ಬದ ಪಟ್ಟಿ ತೆಗೆದಳು, ಇನ್ನೊಬ್ಬ ಬಸ್ಸಿನ ನಂಬರು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ನನಗೆ ನಾಲ್ಕನೇ ಕ್ಲಾಸಿನ ಒಬ್ಬಳ ಗುಟ್ಟಿನ ಪದಾನೇ ಸಿಕ್ತು! ನೀಲಿ ಬಕೆಟ್! ನೀವೇ ರೈಟ್ ಹಾಕಿದ್ದೀರಾ" ಅಂದಳಂತೆ.

ಕ್ಲಾಸೆಲ್ಲ ನಕ್ಕಿತು. ಮಿಸ್ ನಗಲಿಲ್ಲ.

ಅವಳು ಓಡಿಬಂದು ನನ್ನ ಆಫೀಸಿಗೆ ನುಗ್ಗಿದಳು. "ಅಕ್ಕಾ, ಮುತ್ತು ಎಲ್ಲಿ?" ಅಂದಳು. ಯಾಕಮ್ಮಾ ಅಂತ ಕೇಳೋಷ್ಟರಲ್ಲಿ ಫೋನು ನನ್ನ ಮೂಗಿನ ಮುಂದೆ ಹಿಡಿದಳು. ನಾನೇ ಹಾಕಿದ ಫೋಟೋ. ಮುತ್ತಿನಂಥ ಅಕ್ಷರದಲ್ಲಿ, "ನಮ್ಮ ಮನೆಯ ಗುಟ್ಟಿನ ಪದ, ನೀಲಿ ಬಕೆಟ್" ಅಂತ ಬರೆದಿತ್ತು. ಪಕ್ಕದಲ್ಲಿ ಕೆಂಪು ರೈಟು. ಗಡಿಯಾರದಲ್ಲಿ ಮೂರು ಹತ್ತು.

ಇಬ್ಬರೂ ಗೇಟಿಗೆ ಓಡಿದೆವು. ನನ್ನ ಮಂಡಿ ನೋವು ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು.

"ಮುತ್ತುನಾ? ಅವರ ಮಾಮ ಬಂದವ್ರಲ್ಲ" ಅಂದ ಗೇಟಣ್ಣ, ನಿಧಾನಕ್ಕೆ. "ಪದ ಕೇಳ್ದೆ, ನೀಲಿ ಬಕೆಟ್ ಅಂದ್ರು. ಪಟ್ಟೀಲಿ ನೋಡ್ದೆ, ಸರಿ ಇತ್ತು. ಮಗೂನೂ ಬಂತು. ಪದ ಕೇಳ್ತು, ಇವ್ರು ಹೇಳಿದ್ರು."

"ಕರ್ಕೊಂಡು ಹೋದ್ನಾ?" ಮಿಸ್ಸಿನ ದನಿ ಕಿರುಚಿದ ಹಾಗಿತ್ತು.

"ಇಲ್ಲ ಇಲ್ಲ. ನೀರಿನ ಬಾಟ್ಲಿ ಮರ್ತೆ ಅಂತ ಒಳಗೆ ಓಡಿಹೋಯ್ತು. ಬರ್ಲೇ ಇಲ್ಲ. ಅವ್ರು ಐದು ನಿಮಿಷ ಕಾದು, ನಾನೇ ನೋಡ್ತೀನಿ ಅಂತ ಈಗ ತಾನೇ ಒಳಗೆ ಹೋದ್ರು. ಪದ ಸರಿ ಇತ್ತಲ್ಲ, ಅದಕ್ಕೆ ಬಿಟ್ಟೆ."

ಮಗು ಒಳಗೆ. ಅವನೂ ಒಳಗೆ. ಮೂರು ಅಂತಸ್ತು, ಇಪ್ಪತ್ತನಾಲ್ಕು ಕೋಣೆ. ಹೆಡ್‌ಮೇಡಮ್ಮು ಬೇರೆ ಯಾವುದೋ ಮೀಟಿಂಗಿಗೆ ಹೋಗಿದ್ದರು. "ಗೇಟಿಗೆ ಬೀಗ ಹಾಕು. ನನ್ನ ಮಾತಿಲ್ಲದೆ ನೊಣಾನೂ ಹೊರಗೆ ಹೋಗಬಾರದು" ಅಂತ ಗೇಟಣ್ಣನಿಗೆ ಹೇಳಿ ತಿರುಗಿದೆ.

ಕೆಳಗಿನ ಮೊಗಸಾಲೆಯಲ್ಲೇ ಎದುರಾದ. ಇಸ್ತ್ರಿ ಹಾಕಿದ ಶರ್ಟು, ಬಾಚಿದ ತಲೆ, ನಗುಮುಖ. ನಾನು ಅಡ್ಡ ನಿಂತೆ. ನಾನು ಅಡ್ಡ ನಿಂತರೆ ಪಕ್ಕದಲ್ಲಿ ಜಾಗ ಉಳಿಯಲ್ಲ, ಅದೊಂದು ಅನುಕೂಲ.

"ಯಾರು ಬೇಕಿತ್ರಿ?"

"ಮಗೂನ ಕರ್ಕೊಂಡು ಹೋಗೋಕೆ ಬಂದೆ ಮೇಡಮ್. ಅವರ ಅಮ್ಮನ ಜೊತೆ ಆಸ್ಪತ್ರೇಲಿ ಕೆಲಸ ಮಾಡ್ತೀನಿ. ಅವ್ರಿಗೆ ಡ್ಯೂಟಿ ಬಿಡೋಕಾಗ್ಲಿಲ್ಲ."

"ಗೇಟಲ್ಲಿ ಮಾಮ ಅಂದ್ರಂತೆ?"

"ಮಕ್ಕಳಿಗೆ ಎಲ್ರೂ ಮಾಮಾನೇ ಅಲ್ವಾ" ಅಂತ ನಕ್ಕ. ದನಿ ಬೆಣ್ಣೆ ಹಾಗಿತ್ತು. ದನಿ ಮೆತ್ತಗಿದ್ದರೆ ಸಾಕು ಅಂತ ಮಿಸ್ ಹೇಳಿದ್ದು ಆಗ ಅರ್ಥವಾಯಿತು.

ಮಿಸ್ಸಿಗೆ ಕಣ್ಣು ಸನ್ನೆ ಮಾಡಿ, "ನೀವು ಹೋಗಿ ನಿಮ್ಮ ಪೇಪರ್ ನೋಡ್ಕೊಳ್ಳಿ" ಅಂದೆ. ಅವಳು ಮೆಟ್ಟಿಲು ಹತ್ತಿದಳು. ನಾನು ಇವನನ್ನು ಆಫೀಸಿನಲ್ಲಿ ಕೂರಿಸಿದೆ. "ಹೊರಗಿನವರು ಒಳಗೆ ಬಂದ್ರೆ ಫಾರಂ ತುಂಬಬೇಕು, ನಿಯಮ." ಅಂಥ ನಿಯಮವೂ ಇರಲಿಲ್ಲ, ಫಾರಮ್ಮೂ ಇರಲಿಲ್ಲ. ಕೈಗೆ ಸಿಕ್ಕ ಹಳೇ ಲೈಬ್ರರಿ ಸದಸ್ಯತ್ವದ ಫಾರಂ ಕೊಟ್ಟೆ. ಅವನು ಪೆನ್ನು ಹಿಡಿದು ಹೆಸರಿನ ಜಾಗದಲ್ಲೇ ತಡವರಿಸಿದ. ಸೀಲು ತರ್ತೀನಿ ಅಂತ ಒಳಕೋಣೆಗೆ ಹೋಗಿ ಮೊದಲು ಪೊಲೀಸಿಗೆ, ಆಮೇಲೆ ಮುತ್ತುವಿನ ತಾಯಿಗೆ ಫೋನು ಮಾಡಿದೆ. ಎರಡು ಸಲ ತಪ್ಪು ನಂಬರು ಒತ್ತಿದೆ. ಆ ತಾಯಿ, "ನಾನು ಯಾರನ್ನೂ ಕಳಿಸಿಲ್ಲ" ಅಂದಳು. ಈಗಲೇ ಬರ್ತೀನಿ ಅಂತ ಫೋನಿಟ್ಟಳು.

ಹೊರಗೆ ಬಂದು ನೋಡಿದರೆ ಕುರ್ಚಿ ಖಾಲಿ.

ಮೆಟ್ಟಿಲು ಹತ್ತಿದೆನೋ ಹಾರಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಮೇಲೆ ನಡೆದದ್ದನ್ನು ಮಿಸ್ ಆಮೇಲೆ ಹೇಳಿದಳು. ಎರಡನೇ ಅಂತಸ್ತಿನ ಕೊನೆಯಲ್ಲಿ ಟೀಚರುಗಳ ಟಾಯ್ಲೆಟ್ ಇದೆ, ಅದರ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಕೆಳಗಿನ ಸಂದಿಯಲ್ಲಿ ಎರಡು ಪುಟ್ಟ ಬೂಟು ಕಾಣಿಸಿತು. ಮಿಸ್ ಮೆಲ್ಲಗೆ ತಟ್ಟಿದಳು.

"ಮುತ್ತು, ನಾನಮ್ಮಾ, ಮಿಸ್. ಬಾಗಿಲು ತೆಗಿ."

ಒಳಗಿಂದ ಸಣ್ಣ ದನಿ. "ಗುಟ್ಟಿನ ಪದ ಹೇಳಿ."

ಮಿಸ್ಸಿಗೆ ಸ್ವಲ್ಪ ಸಮಾಧಾನವಾಯಿತಂತೆ. "ನೀಲಿ ಬಕೆಟ್."

ಬೂಟುಗಳು ಹಿಂದಕ್ಕೆ ಸರಿದವು. "ಅದಲ್ಲ."

ನೂರಾ ಎಂಬತ್ತು ಮಕ್ಕಳ ಪುಸ್ತಕ ತಿದ್ದಿದ ಮಿಸ್ಸಿಗೆ ಆಗ ಹೊಳೆಯಿತು. ಮಗು ಪುಸ್ತಕದಲ್ಲಿ ನಿಜವಾದ ಪದ ಬರೆದೇ ಇರಲಿಲ್ಲ. ಗೇಟಿನಲ್ಲಿ ಆ ಮನುಷ್ಯ ನೀಲಿ ಬಕೆಟ್ ಅಂದ ಕೂಡಲೇ ಅವಳಿಗೆ ಗೊತ್ತಾಗಿಹೋಗಿತ್ತು, ಇವನನ್ನು ಅಮ್ಮ ಕಳಿಸಿಲ್ಲ ಅಂತ. ಈಗ ಮಿಸ್ಸೂ ಅದನ್ನೇ ಹೇಳುತ್ತಿದ್ದಾಳೆ.

"ಹಾಗಾದ್ರೆ ನಂಗೆ ಗೊತ್ತಿಲ್ಲ ಪುಟ್ಟಿ" ಅಂದಳು ಮಿಸ್. "ತೆಗೀಬೇಡ. ನಾನು ಹೇಳಿದ್ರೂ ತೆಗೀಬೇಡ. ಅಮ್ಮ ಬರೋವರೆಗೂ ಅಲ್ಲೇ ಇರು." ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

ನಾನು ಏದುಸಿರು ಬಿಡುತ್ತಾ ಮೇಲೆ ಹೋದಾಗ ಅವನು ಅವಳ ಮುಂದೆ ನಿಂತಿದ್ದ. ಅವಳ ತಲೆಯ ಮೇಲಿಂದ ಬಾಗಿ, ಬಾಗಿಲಿಗೆ ಹೇಳುತ್ತಿದ್ದ. "ನೀಲಿ ಬಕೆಟ್ ಮಗೂ. ಕೇಳಿಸ್ತಾ? ನೀಲಿ ಬಕೆಟ್. ಬಾ, ಅಮ್ಮ ಕಾಯ್ತಿದ್ದಾಳೆ." ಮತ್ತೆ ಮತ್ತೆ ಅದೇ. ಒಳಗಿನ ಚಿಲಕ ಮಾತ್ರ ಕದಲಲಿಲ್ಲ.

"ಏಳಿ ಮೇಡಮ್" ಅಂದ ಮಿಸ್ಸಿಗೆ. ಈಗ ಬೆಣ್ಣೆ ಕರಗಿಹೋಗಿತ್ತು. "ಏಳ್ತೀರೋ, ಎಳೆದು ಹಾಕ್ಲೋ?"

"ಎಳೀರಿ ನೋಡೋಣ" ಅಂದಳು ಅವಳು. ಕಡ್ಡಿ ಹಾಗಿರೋಳು! ಕಣ್ಣು ಅವನ ಮೇಲೇ ಇತ್ತು.

ಅವನು ಅವಳ ತೋಳಿಗೆ ಕೈ ಹಾಕಿದ. ನನಗೆ ಎಲ್ಲಿತ್ತೋ ಕೋಪ. "ಮುಟ್ಟಿದ್ರೆ ಕೈ ಮುರೀತೀನಿ, ಎಲವೋ!" ಅಂತ ಕೂಗಿದ ಕೂಗಿಗೆ ಅದೇ ಅಂತಸ್ತಿನ ಕಂಪ್ಯೂಟರ್ ರೂಮಿನ ಬಾಗಿಲು ತೆರೆಯಿತು. ಏಳನೇ ಕ್ಲಾಸಿನ ಮೂವತ್ತು ಮಕ್ಕಳು ಒಬ್ಬೊಬ್ಬರಾಗಿ ಮೊಗಸಾಲೆಗೆ ಬಂದು ನಿಂತರು. ಅವನನ್ನೇ ನೋಡುತ್ತಾ ನಿಂತರು. ಅಷ್ಟು ಕಣ್ಣು ಕಂಡು ಅವನು ಕೈ ತೆಗೆದ. ದಡದಡ ಮೆಟ್ಟಿಲಿಳಿದು ಗೇಟಿಗೆ ಓಡಿದ. ಗೇಟಿಗೆ ಬೀಗ, ಬೀಗದ ಮುಂದೆ ದೊಣ್ಣೆ ಹಿಡಿದ ಗೇಟಣ್ಣ. ಪೊಲೀಸರು ಬರೋಕೆ ಹದಿನೈದು ನಿಮಿಷ ಹಿಡಿಯಿತು. ಅವನು ಮುತ್ತುವಿನ ಅಪ್ಪನ ತಮ್ಮ, ಮಗು ಹಿಂದೆಂದೂ ನೋಡಿರದವನು. ಅಪ್ಪ ಎರಡು ಬೀದಿ ಆಚೆ ಕಾರಿನಲ್ಲಿ ಕೂತು ಕಾಯುತ್ತಿದ್ದ. ಪೊಲೀಸರ ಜೀಪು ಕಂಡು ಹೊರಟುಹೋದ, ಸಿಗಲಿಲ್ಲ.

ಮಿಸ್ ಮಾತ್ರ ಬಾಗಿಲು ಬಿಟ್ಟು ಏಳಲಿಲ್ಲ. ಅವನು ಹೋದ ಮೇಲೂ ಏಳಲಿಲ್ಲ. ಬಾಗಿಲ ಆಚೆಯ ಮಗುವಿಗೆ ಏನೇನೋ ಹೇಳುತ್ತಿದ್ದಳು, ಅತ್ತೆಯ ರಾಂಗ್ ನಂಬರ್ ಕಥೆ, ಇನ್ನೊಂದು ಮತ್ತೊಂದು. ಒಂದು ಸಲ ಒಳಗಿಂದ ಕಿಸಕ್ ಅಂತ ನಗು ಕೇಳಿಸಿತು. ಆ ನಗು ಕೇಳಿ ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ತಾಯಿ ಬಂದಳು, ನರ್ಸಿನ ಯೂನಿಫಾರಂ ಮೇಲೇ. ಕಾಲಲ್ಲಿ ಒಂದೇ ಚಪ್ಪಲಿ. ಅವಳು ಬಾಗಿಲ ಹತ್ತಿರ ಬರುತ್ತಲೇ ಮಿಸ್ ಎದ್ದಳು. ನನ್ನ ಕೈ ಹಿಡಿದು ಮೊಗಸಾಲೆಯ ಆ ತುದಿಗೆ ಎಳೆದುಕೊಂಡು ಹೋದಳು. ಹೋಗಿ, ಗೋಡೆಯ ಕಡೆ ಮುಖ ಮಾಡಿ, ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಳು. "ನೀವೂ ಮುಚ್ಕೊಳ್ಳಿ ಅಕ್ಕಾ" ಅಂದಳು. ಮುಚ್ಚಿಕೊಂಡೆ. ತಿರುಗಿ ನೋಡಿದಾಗ ಬಾಗಿಲು ತೆರೆದಿತ್ತು, ತಾಯಿ ಮಗಳು ನೆಲದ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು.

ಹೋಂವರ್ಕ್ ಬಂದ ಸಂಜೆ ಮಗು ಕೇಳಿತ್ತಂತೆ: "ಅಮ್ಮಾ, ಯಾರಿಗೂ ಹೇಳಬಾರದು ಅಂತಾರೆ ಮಿಸ್ಸು, ಬರ್ಕೊಂಡೂ ಬನ್ನಿ ಅಂತಾರೆ. ಯಾವ್ದು ಕೇಳ್ಲಿ?" ತಾಯಿ, ಮೊದಲನೇದು ಕೇಳು ಅಂದಿದ್ದಳು. ಬಚ್ಚಲಲ್ಲಿ ಕಂಡದ್ದನ್ನು ಬರೆದು, ಅದರ ಕೆಳಗೆ ಸಹಿ ಹಾಕಿಸಿಕೊಂಡು ಬಂದಿತ್ತು ಮಗು.

"ಮಿಸ್, ಸುಳ್ಳು ಬರೆದಿದ್ದಕ್ಕೆ ಮಾರ್ಕ್ಸ್ ಕಳೀತೀರಾ?" ಅಂತ ಕೇಳಿತು. ಮಿಸ್ ಅದರ ತಲೆ ಮೇಲೆ ಕೈ ಇಟ್ಟು ನಿಂತಳು.

ನಾವಿಬ್ಬರೂ ತಾಯಿಯ ಹತ್ತಿರ ಕ್ಷಮೆ ಕೇಳಿದೆವು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ಎರಡು ವರ್ಷ ನೆಮ್ಮದಿಯಾಗಿದ್ವಿ ಮೇಡಮ್" ಅಂದಳು, ಅಷ್ಟೇ. "ಇಲ್ಲಿ ಇವಳಿಗೆ ಸ್ನೇಹಿತರು ಇದ್ರು. ಈಗ ಅವನಿಗೆ ಊರು ಗೊತ್ತಾಯ್ತು." ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತು ಸಂಜೆ ಕೂತು ಪೇಜಿನಲ್ಲಿದ್ದ ಮಕ್ಕಳ ಹೆಸರು, ಫೋಟೋ, ಹುಟ್ಟುಹಬ್ಬ ಎಲ್ಲಾ ಅಳಿಸಿದೆ. ಗೇಟಿನ ಪಟ್ಟಿ ಸುಟ್ಟೆ. ಯಾರು ಯಾರು ಆಗಲೇ ನೋಡಿ ಇಟ್ಟುಕೊಂಡಿದ್ದಾರೋ, ಅದನ್ನು ಅಳಿಸೋ ರಬ್ಬರು ನನ್ನ ಹತ್ತಿರ ಇಲ್ಲ. ಮಿಸ್ ಸೋಮವಾರ ಬೆಳಗ್ಗೆ ಒಂದೊಂದೇ ಕ್ಲಾಸಿಗೆ ಹೋಗಿ, "ನಾನು ತಪ್ಪು ಮಾಡಿದೆ, ನಿಮ್ಮ ಗುಟ್ಟು ನಾನು ಕೇಳಬಾರದಿತ್ತು. ಮನೆಗೆ ಹೋಗಿ ಪದ ಬದಲಾಯಿಸಿ. ನನಗೆ ತೋರಿಸ್ಬೇಡಿ" ಅಂದಳು.

ಅದೇ ಸೋಮವಾರ ಮಧ್ಯಾಹ್ನ ತಾಯಿ ಮಗಳು ವರ್ಗಾವಣೆ ಪತ್ರಕ್ಕೆ ಬಂದರು. ಬರೆದು ಸೀಲು ಹೊಡೆದು ಕೊಟ್ಟೆ. ಮಿಸ್ ಬಾಗಿಲಲ್ಲಿ ನಿಂತಿದ್ದಳು. ಮುತ್ತು ಅವಳ ಹತ್ತಿರ ಹೋಗಿ, ಕೈ ಹಿಡಿದು ಜಗ್ಗಿ, "ಮಿಸ್, ನಾವು ಎಲ್ಲಿಗೆ ಹೋಗ್ತಿದ್ದೀವಿ ಗೊತ್ತಾ? ನಿಮಗೊಬ್ಬರಿಗೇ ಹೇಳ್ತೀನಿ" ಅಂತ ಕಿವಿಯ ಹತ್ತಿರ ಬಾಯಿ ತಂದಿತು.

ಮಿಸ್ ಮೆಲ್ಲಗೆ ಆ ಪುಟ್ಟ ಬಾಯಿಯ ಮೇಲೆ ಕೈ ಇಟ್ಟಳು. "ಬೇಡ ಕಂದಾ" ಅಂದಳು. "ನನಗೂ ಹೇಳ್ಬೇಡ."